ಕಾಲಿಂಚಿಗೆ ಒಂದೆಳೆ ಕಮ್ಮಿ

ವೆರ್ಡಾ ಕ್ರೇಬೀಲ್ ಹೊಲಿದ ಹೆಬ್ಬಾತಿನ ಕೊಕ್ಕು ಮುರಿದದ್ದನ್ನು ಕಂಡವರು ನಮ್ಮ ಕಡೆ ಯಾರೂ ಇಲ್ಲ. ಕಾನ್ಸಾಸಿನ ಈ ಗೋಧಿಸೀಮೆಯಲ್ಲಿ ನಮ್ಮ ಮೆನೊನೈಟ್ ಪಂಥದ ಚರ್ಚಿನ ಹೆಂಗಸರು ಮಂಗಳವಾರ ಬಂತೆಂದರೆ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಕೌದಿ ಹೊಲಿಯುತ್ತಾರೆ. ಅಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಪಾಲು. ಟಿಲ್ಲಿ ಶ್ರಾಗ್‌ಳದು ಯಜಮಾನಿಕೆ. ಲುಯೆಲ್ಲಾಳದು ಕಾಫಿ ಮತ್ತು ಊರಿನ ಸುದ್ದಿ. ವೆರ್ಡಾಳದು ಹೆಬ್ಬಾತು.

ಹೆಬ್ಬಾತು ಅಂದರೆ ಮತ್ತೇನಲ್ಲ, ನಡುವೆ ಒಂದು ದೊಡ್ಡ ತ್ರಿಕೋನ, ಅದರ ಎರಡು ಹೆಗಲಿಗೆ ಎರಡು ಚಿಕ್ಕ ತ್ರಿಕೋನ. ದೊಡ್ಡದು ಹಕ್ಕಿ, ಚಿಕ್ಕವು ಆಕಾಶ. ಅಂಥ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಹೋದರೆ ಕೌದಿಯ ಉದ್ದಕ್ಕೂ ಹಿಂಡು ಹಾರುತ್ತದೆ. ಹೇಳುವುದಕ್ಕೆ ಇಷ್ಟೇ. ಹೊಲಿಯಲು ಕೂತವಳಿಗೇ ಅದರ ಪಾಡು ಗೊತ್ತು. ಹಕ್ಕಿಯ ಕೊಕ್ಕಿನ ಮೇಲೆ ಕಾಲಿಂಚು ಬಟ್ಟೆ ಉಳಿದಿರಬೇಕು. ಉಳಿಯದಿದ್ದರೆ ಮೇಲಿನ ತುಂಡನ್ನು ಜೋಡಿಸುವಾಗ ಹೊಲಿಗೆಯೇ ಕೊಕ್ಕನ್ನು ನುಂಗಿಹಾಕುತ್ತದೆ. ಆಮೇಲೆ ಅದು ಹೆಬ್ಬಾತೂ ಅಲ್ಲ, ಏನೂ ಅಲ್ಲ, ಮೊಂಡು ಗುಡ್ಡ.

ವೆರ್ಡಾ ಇದನ್ನು ಕಲಿತದ್ದು ತಾಯಿ ಅಮಾಲಿಯಾಳ ಕೈಕೆಳಗೆ, ಅಡುಗೆಮನೆಯ ಮೇಜಿನ ಮೇಲೆ, ಬೈಸಿಕೊಂಡು. ತ್ರಿಕೋನದ ಓರೆ ಅಂಚು ಕ್ರಾಸ್ ಬಟ್ಟೆ, ನೇಯ್ಗೆಯ ಎಳೆಗೆ ಓರೆಯಾಗಿ ಕೊಯ್ದದ್ದು. ಸ್ವಲ್ಪ ಎಳೆದರೂ ಸಾಕು, ಬೆಳೆದುಬಿಡುತ್ತದೆ. ಹುಡುಗಿ ವೆರ್ಡಾ ಅದರ ಮೇಲೆ ಇಸ್ತ್ರಿಯನ್ನು ಹಿಂದೆ ಮುಂದೆ ಉಜ್ಜಿದರೆ ಅಮಾಲಿಯಾ ಕೈ ಹಿಡಿದು ನಿಲ್ಲಿಸುತ್ತಿದ್ದಳು. "ಅದು ನಿಮ್ಮಪ್ಪನ ಪ್ಯಾಂಟಲ್ಲ. ಇಡು, ಎತ್ತು. ಇಡು, ಎತ್ತು. ಎಳೀಬೇಡ." ಎರಡು ತುಂಡು ಜೋಡಿಸುವಾಗ ಹಿಂದುಗಡೆ ಎರಡು ಹೊಲಿಗೆಗಳು ಒಂದನ್ನೊಂದು ದಾಟುವ ಜಾಗ ಕಾಣುತ್ತದಲ್ಲ, ಅದೇ ಕೊಕ್ಕು. ಸೂಜಿ ಅದರ ಮೇಲೆ ಹೋಗಬಾರದು, ಒಂದೆಳೆ ಆಚೆ ಹೋಗಬೇಕು. ಇಷ್ಟನ್ನು ಕಲಿಯಲು ವೆರ್ಡಾಗೆ ಎಷ್ಟು ಕಣ್ಣೀರು ಬೇಕಾಯಿತೋ ಅವಳಿಗೇ ಗೊತ್ತು. ಕಲಿತ ಮೇಲೆ ಮಾತ್ರ ಅವಳು ಮರೆಯಲಿಲ್ಲ, ಬೇರೆಯವರು ಮರೆತರೆ ಬಿಡಲೂ ಇಲ್ಲ.

ಆರ್ಲೋ ಕ್ರೇಬೀಲನನ್ನು ಮದುವೆಯಾದಾಗ ಅವಳಿಗೆ ಉಡುಗೊರೆಯಾಗಿ ಬಂದದ್ದು ಒಂದು ಕಪ್ಪು ಹೊಲಿಗೆ ಮಷೀನು. ಹೊಸ ಮಷೀನಿನಲ್ಲಿ ಹೊಲಿದ ಮೊದಲ ಕೌದಿ ಅತ್ತೆಯ ಹಾಸಿಗೆಗೆ ಅಂಗೈಯಗಲ ಗಿಡ್ಡವಾಯಿತು. ಅತ್ತೆ ಏನೂ ಅನ್ನಲಿಲ್ಲ, ಕಾಲು ಮಡಚಿಕೊಂಡು ಮಲಗಿದಳು. ಅದು ಬೈಗುಳಕ್ಕಿಂತ ಹೆಚ್ಚಾಯಿತು. ವೆರ್ಡಾ ತಲೆ ಕೆಡಿಸಿಕೊಂಡು ಹುಡುಕಿದಾಗ ತಿಳಿದದ್ದು ಇದು: ಹೊಲಿಗೆಗೆ ಸರಿಯಾಗಿ ಕಾಲಿಂಚು ಬಿಟ್ಟರೆ ಅದು ಹೆಚ್ಚೇ ಆಗುತ್ತದೆ, ಯಾಕೆಂದರೆ ಬಟ್ಟೆ ಮಡಚಿಕೊಳ್ಳುವಾಗ ಆ ಮಡಿಕೆಯೂ ಒಂದೆಳೆ ತಿನ್ನುತ್ತದೆ. ಆದ್ದರಿಂದ ಕಾಲಿಂಚಿಗೆ ಒಂದೆಳೆ ಕಮ್ಮಿ ಹೊಲಿಯಬೇಕು. ಅವಳು ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ದಪ್ಪ ಪಟ್ಟಿಯೊಂದನ್ನು ಸೂಜಿಯ ಬಲಕ್ಕೆ, ಸರಿಯಾಗಿ ಆ ಜಾಗದಲ್ಲಿ ಅಂಟಿಸಿದಳು. ಬಟ್ಟೆಯ ಅಂಚು ಅದಕ್ಕೆ ತಗುಲಿಕೊಂಡು ಸಾಗಿದರೆ ಆಯಿತು, ಕಣ್ಣು ಮುಚ್ಚಿ ಹೊಲಿಯಬಹುದು. ಆ ಪ್ಲಾಸ್ಟರು ಹಳೆಯದಾದಾಗ ಅದರ ಅಂಚಿನ ನೇರಕ್ಕೇ ಹೊಸದು ಅಂಟಿಸಿ ಹಳೆಯದನ್ನು ಕಿತ್ತಳು, ಹೀಗೇ ಮೂವರು ಮಕ್ಕಳು ಬೆಳೆದು ಮದುವೆಯಾಗಿ ಹೋದರು.

ಚರ್ಚಿನಲ್ಲಿ ಅವಳ ಪಕ್ಕದ ಕುರ್ಚಿ ಎಡ್ನಾ ಕೌಫ್‌ಮನ್‌ಳದು. ಹೆಬ್ಬಾತು ಹೊಲಿಯಬಾರದ ಕೈ ಅಂತ ಒಂದು ಇದ್ದರೆ ಅದು ಎಡ್ನಾಳದು. ಆದರೂ ಅವಳಿಗೆ ಹೆಬ್ಬಾತೇ ಬೇಕು. ಹತ್ತಕ್ಕೆ ಎಂಟರ ಕೊಕ್ಕು ಮುರಿದಿರುತ್ತಿತ್ತು.

"ಏನೇ ಇದು, ಎಡ್ನಾ?" ಎಂದು ವೆರ್ಡಾ ತುಂಡನ್ನು ಬೆಳಕಿಗೆ ಹಿಡಿಯುತ್ತಿದ್ದಳು. "ಕಣ್ಣು ಎಲ್ಲಿಟ್ಟಿದ್ದೆ?"

"ಕೊಟ್ಟಿಗೆ ಗೋಡೆಗೆ ಗುದ್ದಿಕೊಂಡು ಬಂದಿದೆ ಕಣೇ, ಪಾಪ. ಅದನ್ನ ಯಾಕೆ ಬೈತೀಯ?"

"ಹತ್ತರಲ್ಲಿ ಎಂಟು ಗುದ್ದಿಕೊಂಡವಾ?"

"ನಮ್ಮ ಕೊಟ್ಟಿಗೆ ದೊಡ್ಡದು."

ಎಡ್ನಾ ಮನೆಗೆ ಹೋದ ಮೇಲೆ ವೆರ್ಡಾ ಅವಳ ಹೊಲಿಗೆ ಬಿಚ್ಚಿ ಮತ್ತೆ ಹೊಲಿದಿಡುತ್ತಿದ್ದಳು. ಮುಂದಿನ ವಾರ ಎಡ್ನಾ ಬಂದು ಸಾಲನ್ನು ನೋಡಿ, "ನೋಡ್ರೇ, ನನ್ನ ಕೈ ಎಷ್ಟು ಸುಧಾರಿಸಿದೆ" ಎನ್ನುವಳು. ಎಲ್ಲರಿಗೂ ಗೊತ್ತು, ಎಡ್ನಾಗೂ ಗೊತ್ತು. ಅದು ಅವರಿಬ್ಬರ ಸ್ನೇಹದ ರೀತಿ. ಹೋದ ಶರತ್ಕಾಲದಲ್ಲಿ ಎಡ್ನಾ ತೀರಿಕೊಂಡಳು. ವೆರ್ಡಾ ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ. ತನ್ನ ಕೈಚೀಲ ಇಟ್ಟಳು.

ಎಡ್ನಾಳ ಮಗಳು ಮಾರ್ಲಿಸ್ ವಿಚಿಟಾದಿಂದ ಬಂದು ತಾಯಿಯ ಬಟ್ಟೆಗಳ ಮೂಟೆಯನ್ನು ಚರ್ಚಿಗೆ ತಂದುಕೊಟ್ಟಳು. "ಏನು ಮಾಡೋದು ಅಂತ ಗೊತ್ತಾಗ್ಲಿಲ್ಲ" ಎಂದು ಅಲ್ಲೇ ಅತ್ತಳು. ಹೆಂಗಸರು ಆಗಲೇ ತೀರ್ಮಾನಿಸಿಬಿಟ್ಟರು: ಈಸ್ಟರ್ ಹಬ್ಬಕ್ಕೆ ಅವಳಿಗೊಂದು ಹೆಬ್ಬಾತಿನ ಕೌದಿ. ಹಕ್ಕಿಗೆ ಎಡ್ನಾಳ ನೀಲಿ ಉಡುಪುಗಳು, ಆಕಾಶಕ್ಕೆ ಅವಳ ಬಿಳಿ ಏಪ್ರನ್ನುಗಳು. ಕತ್ತರಿಸಿ ನೋಡಿದರೆ ಬಟ್ಟೆ ಅಷ್ಟಕ್ಕಷ್ಟೇ ಆಯಿತು. ಒಂದು ಕಾಲರು, ಒಂದಿಷ್ಟು ಗುಂಡಿ, ಇಷ್ಟೇ ಉಳಿದದ್ದು. ಕೆಟ್ಟರೆ ಮತ್ತೆ ತರೋಣವೆಂದರೆ ಯಾವ ಅಂಗಡಿಯಲ್ಲೂ ಸಿಗದ ಬಟ್ಟೆ.

ಹೆಬ್ಬಾತುಗಳು ಒಬ್ಬಳ ಕೈಗೆ ಜಾಸ್ತಿಯಾದವು. ಅರ್ಧ ಸಾಲುಗಳನ್ನು ಟಿಲ್ಲಿ ಡಾರ್ಲಾಗೆ ಕೊಟ್ಟಳು. ಡಾರ್ಲಾ ಟಿಲ್ಲಿಯ ತಮ್ಮನ ಸೊಸೆ, ನೆಬ್ರಾಸ್ಕದವಳು, ಆಸ್ಪತ್ರೆಯಲ್ಲಿ ನರ್ಸು. ಅವಳ ಹತ್ತಿರ ಕತ್ತರಿಯಿಲ್ಲ, ಪಿಜ್ಜಾ ಕೊಯ್ಯುವಂಥ ಚಕ್ರದ ಕತ್ತಿ ಇತ್ತು. ವೆರ್ಡಾ ರಟ್ಟಿನ ಅಚ್ಚು ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು, ಒಂದೊಂದೇ ತ್ರಿಕೋನ ಕತ್ತರಿಸುವವಳು. ಡಾರ್ಲಾ ಹಾಗಲ್ಲ. ಒಂದು ದೊಡ್ಡ ಚೌಕದ ಎದುರುಬದುರು ಮೂಲೆಗೆ ಎರಡು ಚಿಕ್ಕ ಚೌಕ ಇಟ್ಟು, ಓರೆಯಾಗಿ ಎರಡು ಹೊಲಿಗೆ ಹಾಕಿ, ನಡುವೆ ಕೊಯ್ದು, ಮಡಚಿ, ಇನ್ನೆರಡು ಚಿಕ್ಕ ಚೌಕ ಹೊಲಿದು ಮತ್ತೆ ಕೊಯ್ದರೆ ಒಮ್ಮೆಗೇ ನಾಲ್ಕು ಹೆಬ್ಬಾತು. ಕ್ರಾಸ್ ಅಂಚನ್ನು ಕೊಯ್ಯುವುದೇ ಹೊಲಿದಾದ ಮೇಲೆ, ಹಾಗಾಗಿ ಅದು ಬೆಳೆಯುವ ಮಾತೇ ಇಲ್ಲ.

"ಮೊಟ್ಟೆ ಇಡೋ ಹಾಗೆ ಇಡ್ತಾಳಲ್ಲೇ" ಎಂದು ಲುಯೆಲ್ಲಾ ಬಾಯಿ ಬಿಟ್ಟಳು.

"ಮೊಟ್ಟೆ ಇಡೋದು ಸುಲಭ. ಹಾರ್ಬೇಕಲ್ಲ" ಎಂದಳು ವೆರ್ಡಾ. ಡಾರ್ಲಾ ನಕ್ಕಳು, ಆದರೆ ಕಿವಿ ಕೆಂಪಾಯಿತು.

ಫೆಬ್ರವರಿಯ ಒಂದು ಮಂಗಳವಾರ ಇಬ್ಬರೂ ಮನೆಯಲ್ಲಿ ಹೊಲಿದ ಮೊದಲ ಸಾಲುಗಳನ್ನು ತಂದರು. ಟಿಲ್ಲಿ ಉದ್ದ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಹಾಸಿದಳು. ಎರಡರಲ್ಲೂ ಹಕ್ಕಿಗಳ ಲೆಕ್ಕ ಒಂದೇ. ಆದರೆ ಡಾರ್ಲಾಳ ಸಾಲು ವೆರ್ಡಾಳದಕ್ಕಿಂತ ಒಂದಿಂಚು ಉದ್ದ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಯಾರೂ ಮಾಡಿದ್ದಲ್ಲ, ತಾನಾಗಿ ಬಂದದ್ದು. ವೆರ್ಡಾಳ ಸಾಲನ್ನು ಯಾರೂ ಅಳೆಯುವುದಿಲ್ಲ. ವೆರ್ಡಾಳ ಸಾಲಿನಿಂದ ಮಿಕ್ಕದ್ದನ್ನೆಲ್ಲ ಅಳೆಯುತ್ತಾರೆ. ಅಲ್ಲಿದ್ದ ಹೆಂಗಸರೆಲ್ಲರ ಕಣ್ಣೂ ಒಟ್ಟಿಗೆ ಡಾರ್ಲಾಳ ಸಾಲಿನ ಮೇಲೆ ಬಿತ್ತು.

"ನಾನು ಒಂದೊಂದನ್ನೂ ಅಳೆದಿದ್ದೆ, ಆಂಟಿ" ಎಂದಳು ಡಾರ್ಲಾ. "ಎರಡೂವರೆ ಇಂಚು ಎತ್ತರ, ನಾಲ್ಕೂವರೆ ಅಗಲ. ಸರಿಯಾಗೇ ಇತ್ತು."

ವೆರ್ಡಾ ತನ್ನ ಸಾಲಿನ ಕೊಕ್ಕುಗಳ ಮೇಲೆ ಬೆರಳು ಓಡಿಸಿದಳು. ಒಂದೂ ಮುರಿದಿಲ್ಲ, ಎಲ್ಲವೂ ಸೂಜಿಮೊನೆಯಂತಿವೆ. ಕೊಕ್ಕು ಸರಿಯಿದ್ದ ಮೇಲೆ ತಪ್ಪು ತನ್ನದಾಗಿರಲು ಹೇಗೆ ಸಾಧ್ಯ? "ನಿನ್ನ ಅಳತೆ ನಿನ್ನ ಹತ್ರ ಇರ್ಲಿ, ಮಗಾ. ಕೌದೀಲಿ ಅಳತೆ ಅಂದ್ರೆ ಪಕ್ಕದ ಸಾಲು. ಇದರಲ್ಲಿ ಹೊಟ್ಟೆ ಬಂದಿದೆ. ಸಾಲು ಬಿಚ್ಚು, ಒಂದೊಂದು ತುಂಡನ್ನೂ ನಂದರ ಮೇಲಿಟ್ಟು ಸುತ್ತ ಸವರ್ಕೊಂಡು ಬಾ." ಬಿಡಿಯಾಗಿ ಹೊಲಿದಿಟ್ಟಿದ್ದ ತನ್ನದೊಂದು ಹೆಬ್ಬಾತನ್ನು ಮಾದರಿಗೆ ಕೊಟ್ಟಳು. ಮಾತು ಅಲ್ಲಿಗೇ ನಿಲ್ಲಬಹುದಿತ್ತು, ನಿಲ್ಲಲಿಲ್ಲ. "ಇದು ಎಡ್ನಾಳ ಬಟ್ಟೆ. ಇದರಲ್ಲಿ ಕಲಿಯೋಕೆ ಬರಬಾರದಿತ್ತು."

ಡಾರ್ಲಾ ಸಾಲನ್ನು ಮಡಚಿ ಚೀಲದಲ್ಲಿಟ್ಟಳು. ಕಾಫಿಯ ಜೊತೆಗೆ ಇಟ್ಟಿದ್ದ ಗಸಗಸೆಯ ಸಿಹಿ ರೋಲನ್ನು ಮುಟ್ಟದೆ ಹೋದಳು.

ಮರುದಿನ ಮಧ್ಯಾಹ್ನ ವೆರ್ಡಾ ಮಷೀನಿನ ಮುಂದೆ ಕೂತಳು. ಹೇಳಿದ್ದು ಹೆಚ್ಚಾಯಿತೇನೋ ಎಂದು ಒಳಗೇ ಕಡಿಯುತ್ತಿತ್ತು, ಆದರೆ ತಾನು ಹೇಳಿದ್ದು ಸರಿ ಎಂಬ ಧೈರ್ಯವೂ ಇತ್ತು. ನೂಲಿನ ಉಂಡೆ ಹುಡುಕಲು ಕೆಳಗಿನ ಖಾನೆ ಎಳೆದಾಗ ಹಿಂದಿನ ವರ್ಷದ ಕೌದಿಯಲ್ಲಿ ಉಳಿದ ಒಂದು ಹೆಬ್ಬಾತು ಕೈಗೆ ಬಂತು. ಅದನ್ನು ಸುಮ್ಮನೆ ಈಗಿನದರ ಮೇಲಿಟ್ಟಳು. ಹಳೆಯದು ಸುತ್ತಲೂ ಹೊರಗೆ ಇಣುಕುತ್ತಿತ್ತು.

ಬಟ್ಟೆ ಕುಗ್ಗಿತೇ? ಎಡ್ನಾಳ ಉಡುಪು ನೂರು ಸಲ ಒಗೆದದ್ದು, ಇನ್ನೇನು ಕುಗ್ಗೀತು. ರಟ್ಟಿನ ಅಚ್ಚು ಅದೇ. ಇಸ್ತ್ರಿ ಅದೇ. ಆಮೇಲೆ ಕಣ್ಣು ಪ್ಲಾಸ್ಟರಿನ ಮೇಲೆ ಹೋಯಿತು. ಪ್ಲಾಸ್ಟರು ಬಿಳಿಯಾಗಿತ್ತು. ಅಂಚು ಎಷ್ಟು ನೇರವಾಗಿತ್ತೆಂದರೆ ಅವಳ ಕೈಯಲ್ಲಿ ಎಂದೂ ಅಷ್ಟು ನೇರ ಬಂದಿರಲಿಲ್ಲ.

"ಆರ್ಲೋ, ಕ್ರಿಸ್‌ಮಸ್‌ಗೆ ನನ್ನ ಮಷೀನು ತೊಳೆದ್ಯಲ್ಲ, ಆಗ ಪ್ಲಾಸ್ಟರ್ ತೆಗೆದಿದ್ಯಾ?"

ಅಡುಗೆಮನೆಯಲ್ಲಿ ಟ್ರ್ಯಾಕ್ಟರಿನ ಯಾವುದೋ ಬಿಡಿಭಾಗ ಉಜ್ಜುತ್ತಿದ್ದ ಆರ್ಲೋ ಬಾಗಿಲಿಗೆ ಬಂದ. "ತೆಗೀದೆ ಇನ್ನೇನು? ಅದರ ಕೆಳಗೆಲ್ಲ ಜಿಡ್ಡು. ಸೀಮೆಎಣ್ಣೆ ಹಾಕಿ ಒರೆಸಿ ಹೊಸದು ಹಾಕಿದೆ. ನೀನು ಹಾಕಿದ್ದು ಒಂಚೂರು ಒಳಗೆ ಬಂದುಬಿಟ್ಟಿತ್ತು ಕಣೇ, ಇಷ್ಟು ವರ್ಷ ಹಾಗೇ ಹೊಲ್ಕೊಂಡು ಬಂದಿದ್ದೀಯ. ನಾನು ಉಕ್ಕಿನ ಸ್ಕೇಲ್ ಇಟ್ಟು ಕರೆಕ್ಟಾಗಿ ಕಾಲಿಂಚಿಗೆ ಕೂರಿಸಿದೆ." ಅವನ ಮುಖದಲ್ಲಿ ಎಂಥ ಹೆಮ್ಮೆ ಇತ್ತೆಂದರೆ ವೆರ್ಡಾಗೆ ಬಾಯಿಗೆ ಬಂದದ್ದನ್ನು ನುಂಗಬೇಕಾಯಿತು.

ಕೊಕ್ಕುಗಳು ಯಾಕೆ ಕೆಟ್ಟಿರಲಿಲ್ಲ ಎನ್ನುವುದೂ ಈಗ ಹೊಳೆಯಿತು. ಕೊಕ್ಕನ್ನು ಅವಳು ಪ್ಲಾಸ್ಟರ್ ನೋಡಿ ಹೊಲಿಯುವುದಿಲ್ಲ, ಹೊಲಿಗೆ ದಾಟುವ ಜಾಗ ನೋಡಿ ಹೊಲಿಯುತ್ತಾಳೆ. ಕೊಕ್ಕು ಉಳಿದಿತ್ತು, ಮೈ ಸಣ್ಣದಾಗಿತ್ತು. ತನ್ನ ತುಂಡುಗಳದೇನು, ಬಿಚ್ಚಿ ಮತ್ತೆ ಹೊಲಿದರೆ ಸರಿಹೋಗುತ್ತವೆ, ಕತ್ತರಿಸಿದ ಅಳತೆ ಸರಿಯೇ ಇದೆ. ಆದರೆ ಆ ಹುಡುಗಿಗೆ ಸವರು ಎಂದಿದ್ದಳು. ಸರಿಯಾಗಿದ್ದ ಹೆಬ್ಬಾತುಗಳನ್ನು ತಪ್ಪು ಹೆಬ್ಬಾತಿನ ಮೇಲಿಟ್ಟು ಕೊಯ್ಯಲು ಹೇಳಿದ್ದಳು. ಕೊಯ್ದದ್ದು ಮತ್ತೆ ಬೆಳೆಯುವುದಿಲ್ಲ.

ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ಕೋಟು ಹಾಕಿಕೊಂಡು ಪಿಕಪ್ಪಿನ ಕೀಲಿ ತೆಗೆದುಕೊಂಡಳು.

"ಗಾಳಿ ಜೋರಿದೆ, ಎಲ್ಲಿಗೆ?" ಎಂದ ಆರ್ಲೋ.

"ಒಂದು ಮಾತು ವಾಪಸ್ ತರೋಕೆ."

ದಾರಿಯ ಎರಡೂ ಕಡೆ ಹಸಿರು ಗೋಧಿ ನೆಲಕ್ಕೆ ಮಲಗಿತ್ತು. ಗಾಳಿ ಪಿಕಪ್ಪನ್ನು ಚರಂಡಿಗೆ ತಳ್ಳುತ್ತಿತ್ತು. ವೆರ್ಡಾ ಜೀವಮಾನದಲ್ಲಿ ಅಷ್ಟು ಜೋರಾಗಿ ಓಡಿಸಿದವಳಲ್ಲ. ದೇವರೇ, ಅವಳು ಸೋಮಾರಿಯಾಗಿರಲಿ ಎಂದು ಬೇಡಿಕೊಂಡಳು.

ಡಾರ್ಲಾ ಅಂಗಳದಲ್ಲಿ ಹೊದಿಕೆ ಒಣಹಾಕುತ್ತಿದ್ದಳು, ಅದಕ್ಕೇ ಫೋನು ಕೇಳಿರಲಿಲ್ಲ. ವೆರ್ಡಾಳನ್ನು ಕಂಡು ಅವಳ ಮುಖ ಬಿಗಿಯಿತು.

"ಸವರಿದ್ಯಾ?" ಎಂದಳು ವೆರ್ಡಾ, ಗಾಡಿಯಿಂದ ಇಳಿಯುವ ಮೊದಲೇ.

"ಸಾಲು ಬಿಚ್ಚಿದೆ. ಒಂದನ್ನ ಮಾತ್ರ ಕೊಯ್ದೆ, ಆಂಟಿ. ಕೊಯ್ದ ತಕ್ಷಣ ಕೊಕ್ಕಿನ ಮೇಲೆ ಜಾಗವೇ ಇಲ್ಲದ ಹಾಗಾಯ್ತು. ಮುಂದೆ ಕೈ ಬರ್ಲಿಲ್ಲ." ಅವಳು ಹಾರುತ್ತಿದ್ದ ಹೊದಿಕೆಯ ಮೂಲೆ ಹಿಡಿದುಕೊಂಡಳು. "ನಾಳೆ ಎಲ್ಲಾ ಟಿಲ್ಲಿ ಅತ್ತೆಗೆ ವಾಪಸ್ ಕೊಡೋಣ ಅಂತಿದ್ದೆ. ನೀವು ಹೇಳಿದ್ದು ನಿಜ, ಬೇರೆಯವರ ಅಮ್ಮನ ಬಟ್ಟೇಲಿ ನಾನು ಕಲಿಯೋಕೆ ಬರಬಾರದಿತ್ತು."

ವೆರ್ಡಾ ಪಿಕಪ್ಪಿನ ಬಾಗಿಲು ಹಿಡಿದುಕೊಂಡು ನಿಂತಳು. "ನೀನು ಹೊಲಿದದ್ದು ಸರಿ ಇತ್ತು, ಮಗಾ. ನಂದು ತಪ್ಪು. ನನ್ನ ಸಾಲು ಗಿಡ್ಡ. ನಾನು ಹಾಗೆ ಅನ್ನಬಾರದಿತ್ತು, ತಪ್ಪಾಯ್ತು."

ಇಂಥ ಮಾತು ವೆರ್ಡಾಳ ಬಾಯಿಂದ ಬಂದದ್ದನ್ನು ಕೇಳಿದವರು ಅದಕ್ಕೆ ಮುಂಚೆ ಯಾರೂ ಇಲ್ಲ, ಆರ್ಲೋನೂ ಸೇರಿದಂತೆ. ಡಾರ್ಲಾ ಮನೆಯ ಕಡೆ ತಿರುಗಿ, "ಒಳಗೆ ಬನ್ನಿ, ಗಾಳಿ" ಎಂದಳು.

ಆ ಮಧ್ಯಾಹ್ನ ಇಬ್ಬರೂ ಡಾರ್ಲಾಳ ಮೇಜಿನಲ್ಲಿ ಕೂತು ಕಾಫಿ ಕುಡಿದರು. ವೆರ್ಡಾ ಚಕ್ರದ ಕತ್ತಿಯನ್ನು ಹಿಡಿದು ನೋಡಿದಳು, ಒಂದು ಹಳೆ ಬಟ್ಟೆ ಕೊಯ್ದೂ ನೋಡಿದಳು. "ಪರವಾಗಿಲ್ಲ ಇದು" ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಮನೆಗೆ ಬಂದು ಆರ್ಲೋ ಕೊಟ್ಟಿಗೆಗೆ ಹೋಗುವುದನ್ನು ಕಾದು ಪ್ಲಾಸ್ಟರ್ ಕಿತ್ತು ಹೊಸದು ಅಂಟಿಸಿದಳು. ಒಂದೂವರೆ ಇಂಚಿನ ಮೂರು ಪಟ್ಟಿ ಕತ್ತರಿಸಿ ಜೋಡಿಸಿ ಹೊಲಿದಳು. ನಡುವಿನ ಪಟ್ಟಿ ಸರಿಯಾಗಿ ಒಂದಿಂಚು ಬರುವ ತನಕ ಪ್ಲಾಸ್ಟರನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸಿದಳು. ಬಂತು. ಆಮೇಲೆ ತನ್ನ ಹೆಬ್ಬಾತುಗಳನ್ನು ಬಿಚ್ಚಲು ಕೂತಳು. ಕ್ರಾಸ್ ಅಂಚು ಎಳೆಯಬಾರದೆಂದು ಒಂದೊಂದು ಹೊಲಿಗೆಯನ್ನೂ ಕತ್ತರಿಸಿ ಕತ್ತರಿಸಿ ಬಿಡಿಸಿದಳು. ತಾಯಿ ಅಮಾಲಿಯಾ ಎದುರಿಗೆ ಕೂತ ಹಾಗಾಯಿತು. ಬೇಸರವಾಗಲಿಲ್ಲ, ಎಡ್ನಾಳ ನೀಲಿ ಬಟ್ಟೆಯನ್ನು ಇನ್ನೊಮ್ಮೆ ಕೈಯಲ್ಲಿ ಹಿಡಿಯುವುದು ಸಿಕ್ಕಿತಲ್ಲ ಎನ್ನಿಸಿತು.

ಮಂಗಳವಾರ ಚರ್ಚಿನಲ್ಲಿ ಅವಳು ಎಲ್ಲರೂ ಕೂರುವವರೆಗೆ ಕಾದಳು. "ಟಿಲ್ಲಿ, ಅಳತೆಕೋಲು ತಗೊಂಡು ಬಾ. ನನ್ನ ಸಾಲು ಅಳೆ."

"ನಿಂದನ್ನ ಯಾಕೆ?"

"ಅಳೆ ಅಂದೆನಲ್ಲ. ಹೋದ ವಾರ ಗಿಡ್ಡ ಇದ್ದಿದ್ದು ನಂದು. ಡಾರ್ಲಾಳದು ಸರಿ ಇತ್ತು. ಇವತ್ತಿಂದ ನಂದನ್ನೂ ಅಳೀರಿ."

ಟಿಲ್ಲಿ ಅಳೆದಳು. "ಸರಿ ಇದೆ" ಎಂದಳು. "ಹೋದ ವಾರ ಏನಾಗಿತ್ತು?"

"ಪ್ಲಾಸ್ಟರ್ ಜರುಗಿತ್ತು."

"ಅದು ತಾನಾಗಿ ಜರುಗತ್ತಾ?" ಲುಯೆಲ್ಲಾಳ ಮೂಗಿಗೆ ಸುದ್ದಿಯ ವಾಸನೆ ಬಡಿದಿತ್ತು.

"ನನ್ನ ಮಷೀನು, ನನ್ನ ಪ್ಲಾಸ್ಟರ್. ನೀನು ಕಾಫಿ ನೋಡು, ಉಕ್ಕುತ್ತೆ."

ಆಮೇಲೆ ವೆರ್ಡಾ ಎಡ್ನಾಳ ಕುರ್ಚಿಯ ಮೇಲಿದ್ದ ಕೈಚೀಲ ತೆಗೆದು ನೆಲಕ್ಕಿಟ್ಟಳು. "ನಿಂತೇ ಇರ್ತೀಯಾ?" ಎಂದಳು ಡಾರ್ಲಾಗೆ. ಡಾರ್ಲಾ ಕೂತಳು. ತಾನು ಕೊಯ್ದಿದ್ದ ಆ ಒಂದು ಹೆಬ್ಬಾತನ್ನು ಜೇಬಿನಿಂದ ತೆಗೆದು, "ಇದನ್ನ ಬಿಟ್ಟರೆ ಒಂದು ಸಾಲಿಗೆ ಒಂದು ಕಮ್ಮಿಯಾಗತ್ತೆ. ಏನ್ ಮಾಡೋಣ, ಆಂಟಿ? ಬಟ್ಟೆ ಇಲ್ಲ" ಎಂದಳು ಮೆಲ್ಲಗೆ.

ವೆರ್ಡಾ ಅದನ್ನು ಬೆಳಕಿಗೆ ಹಿಡಿದಳು. "ಹಾಕು" ಎಂದಳು.

"ಕೊಕ್ಕು ಹೋಗತ್ತೆ."

"ಹೋಗ್ಲಿ ಅಂತಲೇ ಹೇಳ್ತಿರೋದು. ಹಾಕು."

ಆರ್ಲೋಗೆ ಅವಳು ಏನೂ ಹೇಳಲಿಲ್ಲ. ಆದರೆ ಮಷೀನುಗಳ ಜೊತೆ ಬಾಳಿದ ಮನುಷ್ಯ ಅವನು, ಪ್ಲಾಸ್ಟರ್ ಸರಿದದ್ದು ಅವನ ಕಣ್ಣಿಗೆ ಬೀಳದಿರುತ್ತದೆಯೇ? ಒಂದು ದಿನ ಅವಳು ಹೊಲಿಯಲು ಕೂತಾಗ ಪ್ಲಾಸ್ಟರಿನ ಅಂಚಿಗೆ ತಾಗಿ ಮಷೀನಿನ ಉಕ್ಕಿನ ತಟ್ಟೆಯ ಮೇಲೆ ಕೂದಲಿನಷ್ಟು ಸಣ್ಣ ಗೀರು ಕಂಡಿತು.

"ಇದೇನಿದು?"

"ನಿನ್ನ ಜಾಗ" ಎಂದ ಆರ್ಲೋ, ಪತ್ರಿಕೆಯಿಂದ ತಲೆಯೆತ್ತದೆ. "ಇನ್ಮೇಲೆ ಯಾವ ಬುದ್ಧಿವಂತ ಒರೆಸಿದ್ರೂ ಹೋಗಲ್ಲ."

ವೆರ್ಡಾ ಬೆನ್ನು ತಿರುಗಿಸಿಕೊಂಡು ನಕ್ಕಳು. ಆ ದಿನ ಊಟಕ್ಕೆ ಅವನಿಗಿಷ್ಟವಾದ ಎಲೆಕೋಸು-ಮಾಂಸದ ಬನ್ನು ಮಾಡಿದಳು.

ಈಸ್ಟರ್ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಮಾರ್ಲಿಸ್‌ಳನ್ನು ಕೆಳಗೆ ಕರೆದು ಉದ್ದ ಮೇಜಿನ ಮೇಲೆ ಕೌದಿಯನ್ನು ಬಿಚ್ಚಿದರು. ನೀಲಿ ಹಕ್ಕಿಗಳು ಬಿಳಿ ಆಕಾಶದಲ್ಲಿ ಸಾಲುಸಾಲಾಗಿ ಮೇಲಕ್ಕೆ ಹಾರುತ್ತಿದ್ದವು. ಮಾರ್ಲಿಸ್ ಅಳುತ್ತಲೇ ಮೇಜಿನ ಮೇಲೆ ಬಾಗಿದಳು. ತಾಯಿಯ ಒಂದೊಂದು ಉಡುಪನ್ನೂ ಗುರುತಿಸುತ್ತಾ ಕೈಯಾಡಿಸಿದಳು. ಇದು ಚರ್ಚಿನದು, ಇದು ಕೋಳಿಗೂಡಿನದು, ಇದು ನನ್ನ ಮದುವೆಯದು. ಮೂರನೇ ಸಾಲಿನ ನಡುವೆ ಅವಳ ಬೆರಳು ನಿಂತಿತು. ಆ ಒಂದು ಹಕ್ಕಿಗೆ ಕೊಕ್ಕಿರಲಿಲ್ಲ.

ಡಾರ್ಲಾ ನೆಲ ನೋಡಿದಳು.

ಮಾರ್ಲಿಸ್ ಅಳುವುದನ್ನು ಬಿಟ್ಟು ನಕ್ಕುಬಿಟ್ಟಳು. "ವೆರ್ಡಾ ಆಂಟಿ, ಇದು ಕೊಟ್ಟಿಗೆ ಗೋಡೆಗೆ ಗುದ್ದಿಕೊಂಡಿದ್ದಲ್ವಾ?"

"ಹೂಂ" ಎಂದಳು ವೆರ್ಡಾ. "ಅದೊಂದು ನಿಮ್ಮಮ್ಮಂದು. ಬಿಚ್ಚೋಕೆ ನನಗೆ ಮನಸ್ಸು ಬರ್ಲಿಲ್ಲ."